ಹುಕ್ ಕಂಡದ್ದು ಬೆಂಡು, ಈರುಳ್ಳಿ ಪೊರೆಯಲ್ಲ

ಮಾನ್ಯ ಸಂಪಾದಕರೇ,

ಜೀವಕೋಶದ ಇತಿಹಾಸ ಕುರಿತು ವಿಜ್ಞಾನ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿದೆ. ತಕರಾರಿರುವುದು ಚಿತ್ರದ ಬಗ್ಗೆ. ‘1665ರಲ್ಲಿ ರಾಬರ್ಟ್ ಹುಕ್ ಕಂಡ ಕೋಶ’ ಎಂದು ಅಡಿಬರಹ ಕೊಟ್ಟು ಅಚ್ಚು ಹಾಕಿರುವುದು ಬಣ್ಣ ಹಚ್ಚಿದ ಈರುಳ್ಳಿ ಪೊರೆಯನ್ನು. ಕೋಶಕ್ಕೊಂದು ದುಂಡನೆಯ ಕೋಶಕೇಂದ್ರ (ನ್ಯೂಕ್ಲಿಯಸ್) ಬೇರೆ. ಇಂಗ್ಲೆಂಡಿನ ವಿಜ್ಞಾನಿ ಹುಕ್ ನೋಡಿದ್ದು ಬೆಂಡಿನ (ಕಾರ್ಕ್) ಚೂರು. ಬೆಂಡಿನ ಕೋಶಗಳು ಸತ್ತವು, ಒಳಗೆ ಗಾಳಿ, ಸುತ್ತ ಗೋಡೆ, ಅಷ್ಟೇ. ಕೋಶಕೇಂದ್ರಕ್ಕೆ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಹೆಸರಿಟ್ಟದ್ದು 1831ರಲ್ಲಿ, ಆರ್ಕಿಡ್‌ಗಳನ್ನು ಪರೀಕ್ಷಿಸುವಾಗ. ಅದೂ ಒಂಟಿ ಮಸೂರದ ಸರಳ ಸೂಕ್ಷ್ಮದರ್ಶಕದಲ್ಲಿ!

ಹುಕ್ ಮೊದಲು ಹರಿತವಾದ ಚಾಕುವಿನಿಂದ ಬೆಂಡನ್ನು ಕೊಯ್ದು ನುಣುಪಾದ ಮೈಯನ್ನು ನೋಡಿದ. ತೂತುಗಳಿರುವಂತೆ ಕಂಡರೂ ಖಾತ್ರಿಯಾಗಲಿಲ್ಲ. ಆಮೇಲೆ ತೀರಾ ತೆಳುವಾದ ಪದರ ತೆಗೆದು, ಅದು ಬೆಳ್ಳಗಿದ್ದುದರಿಂದ ಕಪ್ಪು ತಟ್ಟೆಯ ಮೇಲಿಟ್ಟು, ಉಬ್ಬು ಮಸೂರದ ಮೂಲಕ ಬೆಳಕು ಬೀಳಿಸಿದ. ಜೇನುಗೂಡಿನಂತೆ ಕಣ್ಣುಕಣ್ಣಾಗಿ ಕಂಡಿತು. ಕಂಡದ್ದನ್ನು ಎಣಿಸಿದ ಕೂಡ: ಅಂಗುಲದ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60. ಅಂದರೆ ಅಂಗುಲಕ್ಕೆ 1,080, ಚದರ ಅಂಗುಲಕ್ಕೆ 11,66,400, ಘನ ಅಂಗುಲಕ್ಕೆ 125 ಕೋಟಿಗೂ ಮೇಲೆ. ಬೆಂಡು ಏಕೆ ಹಗುರ, ಏಕೆ ತೇಲುತ್ತದೆ, ಹಿಸುಕಿ ಬಿಟ್ಟರೆ ಏಕೆ ಮತ್ತೆ ಉಬ್ಬುತ್ತದೆ ಎಂಬುದಕ್ಕೆ ಈ ಪುಟ್ಟ ಕೋಣೆಗಳಲ್ಲಿ ಸಿಕ್ಕಿಕೊಂಡ ಗಾಳಿಯೇ ಕಾರಣ ಎಂದು ವಿವರಿಸಿದ. ಆ ಕೋಣೆಗಳಿಗೆ ‘ಸೆಲ್’ (ಕೋಶ) ಎಂದು ಹೆಸರಿಟ್ಟದ್ದಕ್ಕಿಂತ ಈ ವಿವರಣೆಯೇ ದೊಡ್ಡದು ಎನ್ನುವವನು ನಾನು. ಹಸಿ ಗಿಡಗಳ ಕೋಣೆಗಳಲ್ಲಿ ರಸ ತುಂಬಿರುವುದನ್ನೂ ಆತ ಗಮನಿಸಿದ್ದ. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾರಿ ಹುಡುಕಿ ಸೋತ.

ಶಾಲೆಗಳಲ್ಲಿ ಇದನ್ನು ಮಾಡಿ ತೋರಿಸುವುದು ಕಷ್ಟವಲ್ಲ. ಸೀಸೆಯ ಅಸಲಿ ಬೆಂಡಿನ ಬಿರಡೆ ಬೇಕು. ಚೂರುಗಳನ್ನು ಅಂಟಿಸಿ ಮಾಡಿದ್ದು ಬೇಡ, ಅದರಲ್ಲಿ ಒಂದೊಂದು ಚೂರು ಒಂದೊಂದು ದಿಕ್ಕಿಗಿರುತ್ತದೆ. ಹೊಸ ಬ್ಲೇಡನ್ನು ಒತ್ತದೆ, ಓರೆಯಾಗಿ ಎಳೆದು ಕೊಯ್ಯಬೇಕು. ಮೊಂಡಾದ ಬ್ಲೇಡು ಕೋಶಗಳನ್ನು ಜಜ್ಜುತ್ತದೆ, ಬೆಂಡು ಪುಡಿಯಾಗುತ್ತದೆ. ಪದರವೆಲ್ಲ ಒಂದೇ ಸಮ ತೆಳುವಾಗಬೇಕೆಂದು ಹಟ ಹಿಡಿಯಬೇಡಿ. ಒಂದು ಅಂಚು ಸವೆದು ಇಲ್ಲವಾಗುವಂತೆ ಕೊಯ್ದರೆ ಸಾಕು, ನೋಡಬೇಕಾದ್ದು ಆ ಅಂಚನ್ನೇ. ದಪ್ಪಗಿರುವ ಕಡೆ ಕೋಶಗಳು ಒಂದರ ಮೇಲೊಂದು ಕೂತು ಬರೀ ಕಂದು ಬಣ್ಣ ಕಾಣುತ್ತದೆ.

ಹೆಚ್ಚಿನವರು ಎಡವುವುದು ಸೂಕ್ಷ್ಮದರ್ಶಕದಲ್ಲಿ ನೋಡಲು ಪದರದ ಮೇಲೆ ನೀರು ಹಾಕುವಲ್ಲಿ. ಬೆಂಡಿನ ಗೋಡೆ ನೀರನ್ನು ಒಳಗೆ ಬಿಡುವುದಿಲ್ಲ. ಸಿಕ್ಕಿಕೊಂಡ ಗಾಳಿ ಕೆಳಗಿನ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಪದರವನ್ನು ಕೆಲವು ನಿಮಿಷ ಸ್ಪಿರಿಟ್‌ನಲ್ಲಿ ಅದ್ದಿದರೆ ಗಾಳಿ ಬಹುಮಟ್ಟಿಗೆ ಹೊರಬರುತ್ತದೆ. ಇಲ್ಲವೇ ಹುಕ್‌ನಂತೆ ಒಣ ಪದರವನ್ನೇ ಕಪ್ಪು ಕಾಗದದ ಮೇಲಿಟ್ಟು, ಪಕ್ಕದಿಂದ ಟಾರ್ಚ್ ಬಿಡಿ. ಇದಕ್ಕೆ 4 ಪಟ್ಟು ಹಿಗ್ಗಿಸುವ ವಸ್ತುಮಸೂರವೇ (ಸೂಕ್ಷ್ಮದರ್ಶಕದಲ್ಲಿ ಪದರದ ಕಡೆಗಿರುವ ಮಸೂರ) ಸರಿ. ಹೆಚ್ಚಿನ ಶಕ್ತಿಯದು ಪದರಕ್ಕೆ ತೀರಾ ಹತ್ತಿರ ಬಂದು ಬೆಳಕಿಗೆ ಅಡ್ಡವಾಗುತ್ತದೆ.

ಕೊಯ್ಯುವ ದಿಕ್ಕೂ ಮುಖ್ಯ. ಬಿರಡೆಯ ತುದಿಯಲ್ಲಿ ಅಡ್ಡ ಕೊಯ್ದರೆ ಕೋಶಗಳು ಇಟ್ಟಿಗೆಯಂತೆ ಸಾಲಾಗಿ ಕಾಣುತ್ತವೆ. ಪಕ್ಕದ ಮೈಯಲ್ಲಿ ಕಂದು ಗೆರೆಗಳು ಚುಕ್ಕೆಗಳಾಗಿ ತೋರುವ ಜಾಗ ಹುಡುಕಿ ಅಲ್ಲಿ ಕೊಯ್ದರೆ ಬಹುಭುಜ ಕಣ್ಣುಗಳು ಸಿಗುತ್ತವೆ. ಹುಕ್‌ನ ಚಿತ್ರದಲ್ಲಿ ಎರಡು ಬಗೆಯ ಕೊಯ್ತವೂ ಅಕ್ಕಪಕ್ಕದಲ್ಲಿವೆ. ಮುಂದಿನ ಸಲ ಪುರವಣಿಯಲ್ಲಿ ಆ ಚಿತ್ರವನ್ನೇ ಹಾಕಿ.

ಇಂತಿ,
ಸಸ್ಯಶಾಸ್ತ್ರ ಅಧ್ಯಾಪಕ