ಸಮವರ್ತಿ ಪಟ್ಟಿ: ಗೊಂದಲ ಆಗುವುದು ಎಲ್ಲಿ?

ಸದಸ್ಯರ ಗಮನಕ್ಕೆ: ಕೇಂದ್ರ-ರಾಜ್ಯ ಅಧಿಕಾರ ಹಂಚಿಕೆಯ ಪ್ರಶ್ನೆಗಳು ಬಂದಾಗ ಮೊದಲು ವಿಷಯ ಸಂವಿಧಾನದ ಏಳನೇ ಅನುಸೂಚಿಯ ಯಾವ ಪಟ್ಟಿಯಲ್ಲಿದೆ ಎಂದು ನೋಡಿ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಆದರೆ ಹೆಚ್ಚು ತಲೆಬಿಸಿ ಇಲ್ಲ. ತೊಡಕು ಇರುವುದು ಸಮವರ್ತಿ ಪಟ್ಟಿಯಲ್ಲೇ. (ಶಿಕ್ಷಣ, ಅರಣ್ಯ ಈ ಪಟ್ಟಿಗೆ ಬಂದದ್ದು 1976ರ 42ನೇ ತಿದ್ದುಪಡಿಯಿಂದ. ಹಳೇ ನೋಟ್ಸ್ ನಂಬಬೇಡಿ.)

ಇಲ್ಲಿ ಕೇಂದ್ರ, ರಾಜ್ಯ ಎರಡೂ ಶಾಸನ ಮಾಡಬಹುದು. ಡಿಕ್ಕಿಯಾದರೆ ಸಂವಿಧಾನದ 254(1)ನೇ ವಿಧಿಯಂತೆ ಕೇಂದ್ರದ್ದೇ ಮೇಲು, ರಾಜ್ಯದ ಕಾಯ್ದೆ ಡಿಕ್ಕಿಯಾದಷ್ಟು ಭಾಗ ಮಾತ್ರ ಬೀಳುತ್ತದೆ, ಇಡೀ ಕಾಯ್ದೆಯಲ್ಲ. ತಪ್ಪಿಸಿಕೊಳ್ಳುವ ದಾರಿ 254(2): ರಾಜ್ಯಪಾಲರು ವಿಧೇಯಕವನ್ನು ರಾಷ್ಟ್ರಪತಿಯ ಪರಿಶೀಲನೆಗೆ ಕಾಯ್ದಿರಿಸಿ, ಅವರು ಅಂಕಿತ ಹಾಕಿದರೆ ಆ ರಾಜ್ಯದೊಳಗೆ ರಾಜ್ಯದ ಕಾಯ್ದೆಯೇ ನಡೆಯುತ್ತದೆ. ನಮ್ಮ ಕಂಬಳ ಉಳಿದದ್ದು ಹೀಗೆ. ಪ್ರಾಣಿ ಹಿಂಸೆ ತಡೆ ಸಮವರ್ತಿ ಪಟ್ಟಿಯ 17ನೇ ನಮೂದು. ಕೇಂದ್ರದ 1960ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಗೆ ರಾಷ್ಟ್ರಪತಿ ಅಂಕಿತ ಸಿಕ್ಕಿತು, 2023ರ ಮೇನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಎತ್ತಿಹಿಡಿಯಿತು.

ಆದರೆ ಅಂಕಿತವೊಂದೇ ಸಾಲದು. ಯಾವ ಕೇಂದ್ರ ಕಾಯ್ದೆಯೊಂದಿಗೆ ವಿರೋಧವಿದೆ ಎಂದು ರಾಜ್ಯ ಸ್ಪಷ್ಟವಾಗಿ ಹೇಳಿ ಕಳಿಸಿರಬೇಕು. ಹೇಳದ ಕಾಯ್ದೆಯ ವಿರುದ್ಧ ಆ ಅಂಕಿತ ರಕ್ಷಣೆ ಕೊಡದು ಎಂದು 2002ರಲ್ಲೇ ತೀರ್ಪಾಗಿದೆ. ಅಂಕಿತ ಸಿಕ್ಕ ರಾಜ್ಯದ ಕಾಯ್ದೆಯನ್ನು ಸಂಸತ್ತು ಮುಂದೆ ರದ್ದೂ ಮಾಡಬಹುದು.

ಕಾರ್ಯಾಂಗದ ವಿಷಯ ಬೇರೆ. ಸಮವರ್ತಿ ವಿಷಯದಲ್ಲಿ ಕಾಯ್ದೆ ಕೇಂದ್ರದ್ದಾದರೂ ಜಾರಿ ಸಾಮಾನ್ಯವಾಗಿ ರಾಜ್ಯದ್ದೇ. ಸಂವಿಧಾನ ಅಥವಾ ಸಂಸತ್ತಿನ ಕಾಯ್ದೆ ಸ್ಪಷ್ಟವಾಗಿ ಹೇಳಿದರೆ ಮಾತ್ರ ಕೇಂದ್ರದ ಕೈಗೆ (73ನೇ ವಿಧಿ). ಪರೀಕ್ಷೆಯಲ್ಲಿ ಬಹುತೇಕರು ಎಡವುವುದು ಇಲ್ಲೇ.