ಲೇ ಹೆಡ್ಮಾಸ್ತರ, ನಿನ್ನದೊಂದು ಸಹಿ ಬೇಕು

ಲೇ ಹೆಡ್ಮಾಸ್ತರ,

ವಾಟ್ಸಾಪ್‌ನಲ್ಲಿ ಕಳಿಸಿದರೆ ನೀನು ಕೈ ಮುಗಿಯೋ ಇಮೋಜಿ ಒತ್ತಿ ಮಲಗಿಬಿಡ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಓದುವ ಮಂದಿಗೆ ಒಂದು ಮಾತು: ಇವನು ಒಳ್ಳೆಯವನು. ಆಳಂದ ಬಸ್ಸಿನ ಕೋಳಿಯ ವಿಷಯ ಒಂದು ಬಿಟ್ಟು.

ಅಪ್ಪ ಹೋಗಿ ನಾಳೆಗೆ ಎರಡು ತಿಂಗಳು. ನೀನು ದುಬೈನಿಂದ ಫೋನ್ ಮಾಡಿದಾಗ "ಆರಾಮ್ ಹೋದ" ಅಂದಿದ್ದೆ. ಸುಳ್ಳಲ್ಲ. ಆದರೆ ಆ ಮಾತು ಕೊನೆಯ ಐದು ವಾರಕ್ಕೆ ಮಾತ್ರ ನಿಜ.

ಇನ್ನು ಔಷಧ ರೋಗಕ್ಕಲ್ಲ, ನೋವಿಗೆ ಅಂತ ಡಾಕ್ಟರು ಹೇಳಿದಾಗ ನನಗೆ ಬೆಂಗಳೂರಿನ ಕರುಣಾಶ್ರಯ ನೆನಪಾಯಿತು. ವಾಸಿಯಾಗದ ಕ್ಯಾನ್ಸರ್ ಇದ್ದವರನ್ನು ಅಲ್ಲಿ ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ. ಅಪ್ಪ ಕೇಳಲಿಲ್ಲ. "ಸಾಯಾಕ ಆರ್ನೂರು ಕಿಲೋಮೀಟರ್ ಹೋಗ್ಬೇಕೇನೋ? ಹೊಲದಾಗ ಬೇವಿನ ಗಿಡ ಅದ." ಸರಿ, ಮನೆಯೇ ಆಯಿತು. ವಾರಕ್ಕೊಮ್ಮೆ ಒಬ್ಬ ಸಿಸ್ಟರ್ ಬಂದು ನೋಡಿ ಹೋಗುತ್ತಿದ್ದರು.

ಅವರು ಮಾರ್ಫಿನ್, ಅಂದರೆ ಅಫೀಮಿನಿಂದ ಬರೋ ನೋವಿನ ಔಷಧ, ಹೇಗೆ ಕೊಡಬೇಕು ಅಂತ ಹೇಳಿಕೊಟ್ಟರು. 10 ಮಿ.ಗ್ರಾಂ ಗುಳಿಗಿ, ನಾಲ್ಕು ತಾಸಿಗೊಮ್ಮೆ. ನೋವು ಬಂದ ಮೇಲಲ್ಲ, ಬರೋದಕ್ಕೆ ಮೊದಲೇ, ಗಡಿಯಾರ ನೋಡಿ. ಜೊತೆಗೆ ಹೊಟ್ಟೆ ಕಟ್ಟದ ಹಾಗೆ ಒಂದು ಸಿರಪ್. "ನೋವಿಗೆ ಕೊಟ್ಟರೆ ಚಟ ಹತ್ತೋದು ಅಪರೂಪ, ಹೆದರಬೇಡಿ" ಅಂತ ಎರಡು ಸಲ ಹೇಳಿದರು.

ನಾನು ಆ ಗುಳಿಗಿಯ ಪಟ್ಟಿಯನ್ನು ಅಲ್ಮಾರದಲ್ಲಿ, ಅವ್ವನ ಇಳಕಲ್ ಸೀರೆಯ ಕೆಳಗೆ ಇಟ್ಟುಬಿಟ್ಟೆ.

ಹನ್ನೊಂದು ದಿನ. ಪ್ಯಾರಾಸಿಟಮಾಲ್ ಕೊಟ್ಟು "ಇದೇ ಆ ಗುಳಿಗಿ" ಅಂದೆ. "ಅಪ್ಪಗ ಅಫೀಮು ತಿನ್ನಸ್ತೀಯೇನು" ಅಂತ ಸೋದರಮಾವ ಬೈದಿದ್ದ, ಆದರೆ ಅದು ನೆಪ. ಅದನ್ನು ಕೊಟ್ಟರೆ ಅಪ್ಪ ಸಾಯೋದನ್ನು ನಾನು ಒಪ್ಪಿಕೊಂಡ ಹಾಗೆ, ಅಲ್ವಾ? ನನ್ನ ಕೈಲಿ ಒಪ್ಪಲು ಆಗಲಿಲ್ಲ. ರಾತ್ರಿ ಅಪ್ಪ ಕೌದಿಯ ಅಂಚು ಕಚ್ಚಿ ಮಲಗುತ್ತಿದ್ದ. ನಮಗೆ ಕೇಳಿಸಬಾರದು ಅಂತ. ಬೆಳಿಗ್ಗೆ ಆ ಅಂಚು ಒದ್ದೆಯಾಗಿರುತ್ತಿತ್ತು.

ಹನ್ನೆರಡನೇ ದಿನ ಮಠದ ಅಜ್ಜಾವರು ಬಂದರು. 'ಮರಣವೇ ಮಹಾನವಮಿ' ಅಂತ ಶುರು ಮಾಡುತ್ತಾರೆ ಅಂದುಕೊಂಡಿದ್ದೆ. ಬೇರೆಯವರ ಮನೆಯಲ್ಲಿ ನಾನೇ ಆ ಭಾಷಣ ಬಿಗಿದಿದ್ದೇನಲ್ಲ! ಅವರು ಮಂಚದ ಪಕ್ಕ ನೆಲದ ಮೇಲೆ ಕೂತು, ಕೌದಿಯ ಅಂಚು ನೋಡಿ, "ಪೂಜಿ ಆತೇನ್ರಿ?" ಅಂತಷ್ಟೇ ಕೇಳಿದರು.

"ಲಿಂಗ ಹಿಡಿಯಾಕ ಆಗ್ವಲ್ದು ಅಜ್ಜಾ. ನೋವು ಬಿಟ್ಟು ಮತ್ತೇನೂ ನೆನಪಾಗ್ವಲ್ದು."

ಅಜ್ಜಾವರು ನನ್ನ ಕಡೆ ತಿರುಗಿದರು. "ಗುಳಿಗಿ ಕೊಟ್ಟಿಲ್ಲೇನು?"

ಅಲ್ಮಾರದ ಬಾಗಿಲು ಅಷ್ಟು ಕಿರುಗುಟ್ಟುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಗುಳಿಗಿ ಶುರು ಮಾಡಿದ ನಾಲ್ಕನೇ ದಿನ ಅಪ್ಪ ಗೋಡೆಗೆ ಒರಗಿ ಕೂತ. ಎಡ ಅಂಗೈಯಲ್ಲಿ ಇಷ್ಟಲಿಂಗ. ಮಣಿಕಟ್ಟು ನಡುಗುತ್ತಿತ್ತು, ಕೆಳಗೆ ನನ್ನ ಕೈ ಕೊಟ್ಟೆ. ಹತ್ತು ನಿಮಿಷ ಹಾಗೇ ಕೂತೆವು. ನನ್ನ ಕೈಗೂ ಒಂದಿಷ್ಟು ವಿಭೂತಿ ಹತ್ತಿತ್ತು, ಮಧ್ಯಾಹ್ನದವರೆಗೂ ತೊಳೆಯಲಿಲ್ಲ.

1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಅನ್ನುವ ಡಾಕ್ಟರು, ನೋವು ಬರೀ ಮೈಯದಲ್ಲ, ಮನಸ್ಸಿನದು, ಮನೆಯದು, ಆತ್ಮದ್ದೂ ಸೇರಿರುತ್ತೆ ಅನ್ನುತ್ತಿದ್ದರಂತೆ. ಸಿಸ್ಟರ್ ಹೇಳಿದ್ದು. ನಮ್ಮನೆಯಲ್ಲೂ ಮೈಯ ಪಾಲು ಇಳಿದ ಮೇಲೇ ಉಳಿದವು ಹೊರಬಂದವು. ಅಜ್ಜಾವರು ವಾರಕ್ಕೆರಡು ಸಲ ಬಂದು "ಏನಾರ ಬಾಕಿ ಅದ ಏನ್ರಿ?" ಅಂತ ಕೇಳೋರು. ಒಂದು ಚೀಲ ತೊಗರಿ ಬೀಜದ ಸಾಲ ಬಾಕಿ ಇತ್ತು, ತೀರಿಸಿದೆ. ಬಾವಿಯ ಜಗಳದಲ್ಲಿ ಕಾಕಾನ ಜೊತೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಕಾಕಾ ಬಂದ. ಇಬ್ಬರೂ ಬಾವಿಯ ಮಾತೇ ಎತ್ತಲಿಲ್ಲ, ಸತ್ತುಹೋದ ಒಂದು ಎತ್ತಿನ ಬಗ್ಗೆ ಎರಡು ತಾಸು ಮಾತಾಡಿದರು. ತನ್ನನ್ನು ಎಲ್ಲಿ ಕೂಡಿಸಬೇಕು ಅನ್ನೋದನ್ನೂ ಅಪ್ಪನೇ ಹೇಳಿದ: "ಗಿಡದ ಎಡಕ್ಕ ತೋಡಬ್ಯಾಡ, ಬೇರು ಅವ."

ಓಣಿಯ ಮಂದಿ ಈಗ "ಮಗ ಅಂದ್ರ ಹಿಂಗಿರಬೇಕು" ಅಂತಾರೆ. ಅದನ್ನು ಕೇಳಿದಾಗಲೆಲ್ಲ ಬಾಯಲ್ಲಿ ಕೌದಿಯ ಅಂಚು ಸಿಕ್ಕಿಕೊಂಡ ಹಾಗಾಗುತ್ತೆ. ಅಪ್ಪನಿಗೆ ಗೊತ್ತಿತ್ತಾ? ಒಂದು ರಾತ್ರಿ ಗುಳಿಗಿ ನುಂಗಿ, "ಮೊದಲಿನದು ಬ್ಯಾರೆ ಇತ್ತು ನೋಡು" ಅಂದ. ನಾನು ನೀರಿನ ಲೋಟ ತೊಳೆಯಲು ಎದ್ದು ಹೋದೆ. ಆಮೇಲೆ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೋಗಲಿ ಬಿಡು. ಇಷ್ಟು ಬರೀಬೇಕು ಅಂತಿರಲಿಲ್ಲ. ಕೆಲಸದ ಮಾತಿಗೆ ಬರ್ತೀನಿ.

ನನ್ನದೂ ಒಂದು ಕಾಗದ ಬರೆದಿಡುತ್ತಿದ್ದೇನೆ. ವಾಸಿಯಾಗುವ ಆಸೆ ಇಲ್ಲದಾಗ ಸುಮ್ನೆ ಮಷಿನ್‌ಗೆ ಹಾಕಿ ಎಳೆಯಬೇಡಿ ಅಂತ. ಇದನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿತ್ತು, 2023ರಲ್ಲಿ ನಿಯಮ ಸಡಿಲ ಮಾಡಿತು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಈಗ ಇಬ್ಬರು ಸಾಕ್ಷಿ, ಒಬ್ಬ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಹೆಂಡತಿಗೆ ಹೇಳಿದರೆ "ಮೊದಲು ಕರೆಂಟ್ ಬಿಲ್ ಕಟ್ರಿ" ಅಂದಳು.

ಒಬ್ಬ ಸಾಕ್ಷಿ ನೀನು. ನಿನ್ನ ಸಹಿಯ ಮೇಲೆ ನನಗೆ ಪೂರ್ತಿ ಭರವಸೆ ಇದೆ. ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ನಮ್ಮಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಮಾಡಿದವನು ನೀನೇ ಅಲ್ಲವೇನೋ. ಈ ಸಲ ಮಾತ್ರ ನಿನ್ನದೇ ಮಾಡು.

ಶರಣಬಸವೇಶ್ವರ ಜಾತ್ರೆಗೆ ರಜೆ ಹಾಕಿ ಬಾ. ಖರ್ಜೂರ ತಾ. ಕೋಳಿ ಬೇಡ.

ನಿನ್ನ,
ಹಿಂದಿನ ಬೆಂಚಿನವನು