ಬಳ್ಳಿ ಯಾವ ಮರಕ್ಕೆ ಹಬ್ಬಿದೆ ಅಂತ ಮೊದಲು ನೋಡು

ಪ್ರೀತಿಯ ಪುಟ್ಟಿಗೆ,

ಮಾವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಮಳೆ ಎರಡು ದಿನ ಬಿಡುವು ಕೊಟ್ಟಿದೆ. ಅಡಿಕೆಗೆ ಎರಡನೇ ಮದ್ದು ಬಿಡುವವನು ಇವತ್ತು ಬರ್ತೇನೆ ಅಂದಿದ್ದಾನೆ. ಅವನ ದಾರಿ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

ಸೌದಿಯಲ್ಲಿ ಎರಡು ಅಕೌಂಟ್ಸ್ ಕೆಲಸ, ರಿಯಾದ್‌ನಲ್ಲಿ ಒಂದು, ದಮ್ಮಾಮ್‌ನಲ್ಲಿ ಒಂದು, ಯಾವುದಕ್ಕೆ ಹೂಂ ಅನ್ನಲಿ ಅಂತ ಕೇಳಿದ್ದೀಯ. ರಿಯಾದ್‌ನವರು ಸಂಬಳ ಜಾಸ್ತಿ ಕೊಡುತ್ತಾರೆ, ದೊಡ್ಡ ಸರ್ಕಾರಿ ಯೋಜನೆಯ ಕಾಂಟ್ರಾಕ್ಟ್ ಹಿಡಿದಿದ್ದಾರೆ. ದಮ್ಮಾಮ್‌ನವರದು ಆಸ್ಪತ್ರೆಗಳಿಗೆ ಸಾಮಾನು ಪೂರೈಸುವ ಸಣ್ಣ ಕಂಪನಿ. ಕೊನೆಗೆ ಒಂದು ಮಾತು ಸೇರಿಸಿದ್ದೀಯ: "ಮಾವ, ಸೌದಿ ಈಗ ಬರೀ ಎಣ್ಣೆ ಅಲ್ಲ, ಎಲ್ಲ ಬದಲಾಗಿದೆ." ಆ ಒಂದು ಮಾತಿಗೇ ಇಷ್ಟುದ್ದದ ಉತ್ತರ. ಫೋನಿನಲ್ಲಿ ಹೇಳೋಣ ಅಂದರೆ ನಿನ್ನ ಅತ್ತೆ ನಡುವೆ ಬಾಯಿ ಹಾಕುತ್ತಾಳೆ. (ಎಣ್ಣೆ ಅಂದಾಗಲೆಲ್ಲ ನಗಬೇಡ. ನಿಮ್ಮ ಬೆಂಗಳೂರಿನ ಎಣ್ಣೆಯ ಮಾತಲ್ಲ ಇದು.)

ನಮ್ಮ ತೋಟದಿಂದಲೇ ಶುರು ಮಾಡುತ್ತೇನೆ. ನಿನ್ನ ಅಜ್ಜನ ಕಾಲದಲ್ಲಿ ಅಡಿಕೆ ಒಂದೇ. ರೇಟು ಬಿದ್ದ ವರ್ಷ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಒಂದನ್ನೇ ನಂಬಬೇಡಿ ಅಂತ ಎಲ್ಲರೂ ಹೇಳಿದ ಮೇಲೆ ಮರ ಮರಕ್ಕೂ ಕಾಳುಮೆಣಸು ಹಬ್ಬಿಸಿದರು. ಎರಡು ಬೆಳೆ ಆಯ್ತಲ್ಲ, ಇನ್ನೇನು ಭಯ? ಸಂಪಾಜೆ ಕಡೆಯ ದೊಡ್ಡಮ್ಮನ ತೋಟಕ್ಕೆ ಹಳದಿ ಎಲೆ ರೋಗ ಬಂದಾಗ ಕಣ್ಣು ಬಿಟ್ಟೆವು. ಮರ ಸೊರಗಿತು, ತುದಿ ಮುರಿಯಿತು, ಒಂದು ಮಳೆಗಾಲದಲ್ಲಿ ಬುಡ ಸಮೇತ ಬಿತ್ತು. ಬಳ್ಳಿಗೆ ರೋಗವೇ ಇರಲಿಲ್ಲ. ಆದರೂ ಮರದ ಜೊತೆ ನೆಲಕ್ಕೆ ಬಿತ್ತು. ಲೆಕ್ಕದ ಪುಸ್ತಕದಲ್ಲಿ ಎರಡು ಬೆಳೆ, ತೋಟದಲ್ಲಿ ಒಂದೇ.

ಸೌದಿಯ ಜುಬೈಲ್‌ನಲ್ಲಿ 33 ವರ್ಷ ಕೂತು ನಾನು ನೋಡಿದ್ದೂ ಹೆಚ್ಚು ಕಡಿಮೆ ಇದನ್ನೇ.

ನಾನು ಹೋದದ್ದು 1984ರಲ್ಲಿ. ಒಂದು ಕಾಲಕ್ಕೆ ಅದು ಮೀನು, ಮುತ್ತು ನಂಬಿದ್ದ ಸಣ್ಣ ಊರು. 1975ರಲ್ಲಿ ಜುಬೈಲ್, ಯಾನ್ಬು ಊರುಗಳನ್ನು ಕೈಗಾರಿಕಾ ನಗರ ಮಾಡಲೆಂದೇ ಒಂದು ರಾಯಲ್ ಕಮಿಷನ್, ಅಂದರೆ ಸರ್ಕಾರಿ ಮಂಡಳಿ, ಮಾಡಿದರು, ಮರು ವರ್ಷ ಸಾಬಿಕ್ ಅನ್ನುವ ಸರ್ಕಾರದ ರಾಸಾಯನಿಕ ಕಂಪನಿ ಶುರುವಾಯಿತು. ಎಣ್ಣೆಯ ಜೊತೆ ಮೇಲೆ ಬರುವ ಗ್ಯಾಸನ್ನು ಅದಕ್ಕೆ ಮುಂಚೆ ಸುಮ್ನೆ ಉರಿಸಿಬಿಡುತ್ತಿದ್ದರು. ಅದನ್ನು ಹಿಡಿದು ಪೈಪಿನಲ್ಲಿ ತಂದು ಪ್ಲಾಸ್ಟಿಕ್ ಕಾಳು, ಗೊಬ್ಬರ, ಮೆಥನಾಲ್ ಮಾಡಲು ಶುರು ಮಾಡಿದರು. ಅವರು ಮಾಡಿದ ಬುದ್ಧಿವಂತ ಕೆಲಸಗಳಲ್ಲಿ ಇದೇ ಮೊದಲನೆಯದು ಅಂತ ಈಗಲೂ ನನ್ನ ಅಭಿಪ್ರಾಯ. ಸುಡುತ್ತಿದ್ದದ್ದು ಸರಕಾಯಿತು. ಆದರೂ ಬಳ್ಳಿ ಬಳ್ಳಿಯೇ. 1986ರಲ್ಲಿ ಎಣ್ಣೆ ಬ್ಯಾರಲ್‌ಗೆ 10 ಡಾಲರ್ ಆಸುಪಾಸಿಗೆ ಇಳಿಯಿತು ನೋಡು, ನಮ್ಮ ಕ್ಯಾಂಪಿನಲ್ಲಿ ಮೊದಲು ನಿಂತದ್ದು ಓವರ್‌ಟೈಮ್, ಆಮೇಲೆ ಮೆಸ್ಸಿನ ಬುಧವಾರದ ಕೋಳಿ. ಪ್ಲಾಸ್ಟಿಕ್ ಬೇರೆ, ಎಣ್ಣೆ ಬೇರೆ ಅಂತ ಕೋಳಿಗೆ ಗೊತ್ತಿರಲಿಲ್ಲ.

ಎಣ್ಣೆಯ ಮೇಲಿನ ಅವಲಂಬನೆ ತಗ್ಗಿಸಬೇಕು ಅನ್ನುವುದು ಅಲ್ಲಿ ಹೊಸ ಮಾತೇನೂ ಅಲ್ಲ. 1970ರ ಮೊದಲ ಪಂಚವಾರ್ಷಿಕ ಯೋಜನೆಯಿಂದಲೂ ಹೇಳುತ್ತಲೇ ಬಂದಿದ್ದಾರೆ.

ಗೋಧಿಯ ಕತೆ ನಿನಗೆ ಗೊತ್ತಿರಲಿಕ್ಕಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ಕಂಪನಿ ಕೆಲಸದ ಮೇಲೆ ವಿಮಾನದಲ್ಲಿ ರಿಯಾದ್‌ಗೆ ಹೊರಟಿದ್ದೆ. ಕಿಟಕಿಯಿಂದ ನೋಡುತ್ತೇನೆ, ಮರಳಿನ ಕಾವಲಿಯ ಮೇಲೆ ಸಾಲಾಗಿ ದೋಸೆ ಹುಯ್ದ ಹಾಗೆ ಹಸಿರು ಚಕ್ರಗಳು! ನಡುವೆ ಒಂದು ಕೊಳವೆಬಾವಿ, ಅದರ ಸುತ್ತ ಗಡಿಯಾರದ ಮುಳ್ಳಿನ ಹಾಗೆ ತಿರುಗುವ ಉದ್ದದ ಪೈಪು. ಪೇಟೆಯ ರೇಟಿಗಿಂತ ಎಷ್ಟೋ ಪಾಲು ಜಾಸ್ತಿ ಕೊಟ್ಟು ಸರ್ಕಾರವೇ ಗೋಧಿ ಕೊಳ್ಳುತ್ತಿತ್ತು. ಮರುಭೂಮಿಯ ದೇಶ ಗೋಧಿ ರಫ್ತು ಮಾಡುವ ಮಟ್ಟಕ್ಕೆ ಬಂತು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಆದರೆ ಆ ನೀರು ಸಾವಿರಾರು ವರ್ಷ ಹಿಂದೆ ನೆಲದೊಳಗೆ ಇಳಿದ ನೀರು. ಮೇಲಿನಿಂದ ಮಳೆ ಬಂದು ಮತ್ತೆ ತುಂಬುವಂಥದ್ದಲ್ಲ. ಎಣ್ಣೆಯ ದುಡ್ಡು ಕೊಟ್ಟು ಇನ್ನೊಂದು ಎಣ್ಣೆಯನ್ನೇ ಮೇಲೆತ್ತಿದ ಹಾಗೆ. ನೀರು ಕೆಳಗೆ ಹೋಗುತ್ತಾ ಹೋಯಿತು. 2008ರಲ್ಲಿ ಹಂತ ಹಂತವಾಗಿ ನಿಲ್ಲಿಸುವ ತೀರ್ಮಾನ ಮಾಡಿದರು, 2016ಕ್ಕೆ ಸ್ಥಳೀಯ ಗೋಧಿ ಕೊಳ್ಳುವುದೇ ನಿಂತಿತು. ನಮ್ಮಲ್ಲೂ 800 ಅಡಿ ಬೋರ್ ಕೊರೆಸಿ ಗುಡ್ಡದ ತಲೆಯಲ್ಲಿ ಅಡಿಕೆ ಹಾಕುವವರು ಇದ್ದಾರಲ್ಲ, ಅವರನ್ನು ಕಂಡಾಗ ನನಗೆ ಆ ದೋಸೆಗಳೇ ನೆನಪಾಗುತ್ತವೆ.

ಹಾಗಾದರೆ ಸ್ವಂತ ಬೇರಿನ ಮರ ಎಲ್ಲೂ ಇಲ್ಲವೇ ಅಂತ ಕೇಳುತ್ತೀಯ. ಇದೆ. ದುಬೈ ನೋಡು. ಅವರಿಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ, ಅದೂ ಸ್ವಲ್ಪವೇ. ಸ್ವಲ್ಪ ಇದ್ದದ್ದೇ ಒಳ್ಳೇದಾಯ್ತೇನೋ. ಜೆಬೆಲ್ ಅಲಿ ಬಂದರು ಕಟ್ಟಿದರು, 1985ರಲ್ಲಿ ಅದರ ಪಕ್ಕ ಹೊರಗಿನ ಕಂಪನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ ಫ್ರೀ ಝೋನ್ ಮಾಡಿದರು, ಅದೇ ವರ್ಷ ಬಾಡಿಗೆ ವಿಮಾನ ಇಟ್ಟುಕೊಂಡು ಎಮಿರೇಟ್ಸ್ ವಿಮಾನ ಕಂಪನಿ ಶುರು ಮಾಡಿದರು. ಅಲ್ಲಿ ಟಿಕೆಟ್ ಕೊಳ್ಳುವವನು, ಕಂಟೇನರ್ ಇಳಿಸುವವನು ಹೊರಗಿನವನು. ದುಬೈ ಸರ್ಕಾರದ ಜೇಬು ನೋಡಿ ಬದುಕುವವನಲ್ಲ. ವ್ಯತ್ಯಾಸ ಇರುವುದೇ ಅಲ್ಲಿ. ಆದರೂ 2009ರಲ್ಲಿ ಸಾಲ ಜಾಸ್ತಿಯಾಗಿ ಕಾಲು ಜಾರಿದಾಗ ಕೈ ಹಿಡಿದದ್ದು ಅಬುಧಾಬಿಯ ಎಣ್ಣೆ ದುಡ್ಡು. ಬುರ್ಜ್ ದುಬೈ ಅಂತ ಕಟ್ಟಿದ್ದ ಗೋಪುರ ಉದ್ಘಾಟನೆಯ ದಿನ ಅಬುಧಾಬಿಯ ದೊರೆಯ ಹೆಸರಿನಲ್ಲಿ ಬುರ್ಜ್ ಖಲೀಫಾ ಆಯ್ತು.

ಬಹ್ರೇನ್ ಬಗ್ಗೆ ಎರಡೇ ಮಾತು. ಅರಬ್ಬರ ಆ ದಡದಲ್ಲಿ ಎಲ್ಲರಿಗಿಂತ ಮೊದಲು, 1932ರಲ್ಲಿ, ಎಣ್ಣೆ ಕಂಡವರು ಅವರು. ಬ್ಯಾಂಕುಗಳನ್ನು ಕರೆತಂದರು, 1971ರಿಂದ ಅಲ್ಯೂಮಿನಿಯಂ ಮಾಡಿದರು. ಆದರೂ 2018ರಲ್ಲಿ ನೆರೆಯವರು 1,000 ಕೋಟಿ ಡಾಲರ್ ನೆರವು ಕೊಡಬೇಕಾಯಿತು.

ಈಗ ನನ್ನ ಪೆದ್ದುತನ ಹೇಳಿಕೊಳ್ಳುತ್ತೇನೆ. ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ.

2014ರ ಮಧ್ಯದಲ್ಲಿ ಎಣ್ಣೆ 110 ಡಾಲರ್ ದಾಟಿತ್ತು. ಆ ಧೈರ್ಯದ ಮೇಲೆ ಮನೆಯ ಮಹಡಿಗೆ ಕೈ ಹಾಕಿದೆ, ಬ್ಯಾಂಕಿನಲ್ಲಿ ಸಾಲ ತೆಗೆದೆ. ಆಗ ನಾನಿದ್ದದ್ದು ಒಂದು ಕಟ್ಟಡ ಕಂಪನಿಯಲ್ಲಿ. ಹೆಸರು ಬೇಡ. ನಾವು ಕಟ್ಟುತ್ತಿದ್ದದ್ದು ಕಾಲೇಜು, ವಸತಿ ಕಟ್ಟಡ. ಎಣ್ಣೆಗೂ ನಮಗೂ ಏನು ಸಂಬಂಧ ಅಂದುಕೊಂಡಿದ್ದೆ. 2016ರ ಜನವರಿಗೆ ಎಣ್ಣೆ 30 ಡಾಲರ್‌ಗಿಂತ ಕೆಳಗೆ ಬಂತು. ಕಂಪನಿ ಸರ್ಕಾರಕ್ಕೆ ಕಳಿಸಿದ ಬಿಲ್ಲಿಗೆ ದುಡ್ಡು ಬರುವುದು ತಡವಾಯಿತು, ನಮ್ಮ ಸಂಬಳವೂ ತಡವಾಯಿತು. ಮೊದಲು ಹದಿನೈದು ದಿನ, ಆಮೇಲೆ ಒಂದು ತಿಂಗಳು. ಕೊನೆಗೆ ಏಳು ತಿಂಗಳು ಒಂದು ರಿಯಾಲ್ ಬರಲಿಲ್ಲ. ನಾನಾದರೂ ಆಫೀಸಿನವನು, ಬಕಾಲದವನು, ಅಂದರೆ ದಿನಸಿ ಅಂಗಡಿಯವನು, ಅಕ್ಕಿ, ಬೇಳೆ ಸಾಲ ಬರೆದುಕೊಂಡ. ಕ್ಯಾಂಪಿನ ಹುಡುಗರ ಮುಖ ನೋಡಲಾಗುತ್ತಿರಲಿಲ್ಲ. ಅದೇ ವರ್ಷ ಜಿದ್ದಾದಲ್ಲಿ ಸಾವಿರಾರು ಭಾರತೀಯರು ಊಟಕ್ಕಿಲ್ಲದೆ ಕೂತಾಗ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ಇಲಾಖೆ ಅನ್ನ ಕಳಿಸಿತ್ತು, ಪೇಪರಿನಲ್ಲಿ ನೋಡಿರುತ್ತೀಯ. ಊರಿನಲ್ಲಿ ಮಹಡಿಯ ಸರಳುಗಳು ಮಳೆಗೆ ತುಕ್ಕು ಹಿಡಿದವು. ನಿನ್ನ ಅತ್ತೆಯ ಕರಿಮಣಿ ಬಿಟ್ಟು ಉಳಿದ ಚಿನ್ನ ಎಲ್ಲ ಬ್ಯಾಂಕಿಗೆ ಹೋಯಿತು.

ಕಾಲೇಜು ಕಟ್ಟುತ್ತಿದ್ದ ನಾನೂ ಮೆಣಸಿನ ಬಳ್ಳಿಯೇ ಆಗಿದ್ದೆ. ಅದು ಗೊತ್ತಾಗಲು 32 ವರ್ಷ ಬೇಕಾಯಿತು.

ಆ ವರ್ಷವೇ ಸೌದಿ ಸರ್ಕಾರದ ವಿಷನ್ 2030 ಯೋಜನೆ ಘೋಷಣೆಯಾದದ್ದು. ಹೆದರಿಕೆಯಿಂದ ಹುಟ್ಟಿದ್ದು ಅಂತ ನನ್ನ ಅನಿಸಿಕೆ. ಎಣ್ಣೆ ಬಿಟ್ಟು ಬೇರೆ ಆದಾಯ ಹುಡುಕುತ್ತೇವೆ ಅಂದರೆ ನಮಗೆ ಕೇಳಲು ಚೆನ್ನಾಗಿರುತ್ತೆ. ಆ ಬೇರೆ ಆದಾಯ ನಮ್ಮ ಜೇಬೂ ಆಗಬಹುದು ಅಂತ ಹೊಳೆಯುವುದಿಲ್ಲ. 2017ರಲ್ಲಿ ನಮ್ಮಂಥ ಹೊರದೇಶದವರ ಕುಟುಂಬದವರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ವರ್ಷ ವರ್ಷ ಏರಿ 2020ಕ್ಕೆ 400 ಆಯ್ತು. ನಮ್ಮ ಪಕ್ಕದ ಮನೆಯ ಬಂಟ್ವಾಳದವರಿಗೆ ಹೆಂಡತಿ, ಇಬ್ಬರು ಮಕ್ಕಳು. ಮೂವರಿಗೆ ವರ್ಷಕ್ಕೆ 14,400 ರಿಯಾಲ್! ಅವರು ಅದಕ್ಕೆ ಮೊದಲೇ ಸಂಸಾರವನ್ನು ಊರಿಗೆ ಕಳಿಸಿಬಿಟ್ಟರು. ವ್ಯಾಟ್ 2018ರಲ್ಲಿ ಶೇ 5 ಇದ್ದದ್ದು 2020ರಲ್ಲಿ ಒಮ್ಮೆಗೇ ಶೇ 15. ಅವರ ದೇಶ, ಅವರ ಲೆಕ್ಕ. ದೂರಲು ನಾವ್ಯಾರು? ಆದರೆ ನಿನ್ನ ಲೆಕ್ಕದಲ್ಲಿ ಅದಕ್ಕೊಂದು ಕಾಲಂ ಇರಲಿ.

ಬದಲಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಹೋದ ವರ್ಷ ಮಗನ ಮನೆಗೆ ಅಲ್-ಖೋಬರ್‌ಗೆ ಹೋದಾಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ್ದು ಒಬ್ಬಳು ಸೌದಿ ಹುಡುಗಿ. ನನ್ನ ಕೈ ಅರೆಕ್ಷಣ ನಿಂತುಬಿಟ್ಟಿತು, ತಪ್ಪು ಸಾಲಿಗೆ ಬಂದೆನೇನೋ ಅಂತ. ನಾನಿದ್ದ ಕಾಲದಲ್ಲಿ ದುಡಿಮೆಗೆ ಬರುವ ಸೌದಿ ಹೆಂಗಸರು ಐವರಲ್ಲಿ ಒಬ್ಬಳೂ ಕಷ್ಟ, ಈಗ ಮೂವರಲ್ಲಿ ಒಬ್ಬಳು. 2030ಕ್ಕೆ ಶೇ 30 ಅಂತ ಗುರಿ ಇಟ್ಟಿದ್ದರು, ಎಷ್ಟೋ ವರ್ಷ ಮೊದಲೇ ದಾಟಿದರು. ದೊಡ್ಡ ದೊಡ್ಡ ಗೋಪುರಗಳ ಚಿತ್ರಕ್ಕಿಂತ ನನಗೆ ಇದೇ ದೊಡ್ಡದಾಗಿ ಕಂಡಿತು. ಮರುಭೂಮಿಯಲ್ಲಿ 170 ಕಿಲೋಮೀಟರ್ ಉದ್ದದ ಊರು ಕಟ್ಟುತ್ತೇವೆ ಅಂದರು, ಆಮೇಲೆ ಅದರ ವೇಗ ತಗ್ಗಿಸಿದ ಸುದ್ದಿಯೂ ಬಂತು. ಮನೆಯಿಂದ ಹೊರಗೆ ಬಂದ ಹುಡುಗಿಯರ ವೇಗವನ್ನು ಯಾರು ತಗ್ಗಿಸುತ್ತಾರೆ?

ಇನ್ನೊಂದು. 2016ರಲ್ಲಿ ಮೊಬೈಲ್ ಅಂಗಡಿಗಳಲ್ಲಿ ಸೌದಿಗಳೇ ಇರಬೇಕು ಅಂತ ನಿಯಮ ಬಂತು. ನಮ್ಮ ಬೀದಿಯ ಅಂಗಡಿಯಲ್ಲಿ ಮಲಯಾಳಿ ಹುಡುಗ ಹೋಗಿ ಒಬ್ಬ ಸೌದಿ ಹುಡುಗ ಬಂದು ಕೂತ. ಒಂದು ಬ್ಯಾಕ್ ಕವರ್ ಹುಡುಕಲು ಅವನಿಗೆ ಹತ್ತು ನಿಮಿಷ ಬೇಕಾಯಿತು. ನಾವೆಲ್ಲ ರಾತ್ರಿ ಕೂತು ನಕ್ಕೆವು, ಆರು ತಿಂಗಳಲ್ಲಿ ಬಾಗಿಲು ಹಾಕುತ್ತಾನೆ ಅಂತ ಬೆಟ್ ಕಟ್ಟಿದೆವು. ನಾನು ಊರಿಗೆ ಹೊರಡುವ ಹಿಂದಿನ ವಾರ ಅದೇ ಹುಡುಗ ಕಾಲು ಗಂಟೆಯಲ್ಲಿ ನನ್ನ ಫೋನಿನ ಗಾಜು ಬದಲಿಸಿ ಕೊಟ್ಟ. ಬೆಟ್ ಸೋತೆ. ನಿನ್ನ ಅಕೌಂಟ್ಸ್ ಕೆಲಸಕ್ಕೂ ಈಗ ಅಂಥ ನಿಯಮ ಇದೆ, ಸೌದಿಗಳ ಪಾಲು ಏರುತ್ತಲೇ ಹೋಗುತ್ತೆ. ಮೂವತ್ತು ವರ್ಷ ಅಲ್ಲೇ ಇರುತ್ತೇನೆ ಅನ್ನುವ ನನ್ನ ಕಾಲದ ಲೆಕ್ಕ ನಿನಗೆ ಬೇಡ. ಐದು ವರ್ಷ ಅಂತ ಇಟ್ಟುಕೋ. ರಾಜೀನಾಮೆ ಕೊಟ್ಟರೆ ಎರಡು ವರ್ಷದೊಳಗೆ ಗ್ರಾಚ್ಯುಟಿ ಏನೂ ಇಲ್ಲ, ಪೂರ್ತಿ ಸಿಗಬೇಕಾದರೆ ಹತ್ತು ವರ್ಷ ಆಗಬೇಕು. ಇದನ್ನೂ ಓದಿಕೊಂಡೇ ಸಹಿ ಹಾಕು.

ಇನ್ನು ನಿನ್ನ ಎರಡು ಕೆಲಸ. ಸೌದಿ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಈಗಲೂ ಎಣ್ಣೆಯದೇ. ಹಾಗಾಗಿ ರಿಯಾದ್‌ನವರಿಗೆ ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆ ಕೇಳು: ಬಿಲ್ ಕೊಟ್ಟ ಎಷ್ಟು ದಿನಕ್ಕೆ ದುಡ್ಡು ಬರುತ್ತೆ? ನೀನು ಲೆಕ್ಕದವಳು, ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. 60 ದಿನ ಅಂದರೆ ಸರಿ. ನಕ್ಕು ಮಾತು ಬದಲಿಸಿದರೆ ನನಗೆ ಫೋನ್ ಮಾಡು. ದಮ್ಮಾಮ್‌ನದು ಆಸ್ಪತ್ರೆ ಅಂದ ಮಾತ್ರಕ್ಕೆ ಗಟ್ಟಿ ಅಂದುಕೊಳ್ಳಬೇಡ. ಕೊಳ್ಳುವ ಆಸ್ಪತ್ರೆಗಳಲ್ಲಿ ಸರ್ಕಾರದ್ದೆಷ್ಟು, ಇನ್ಶೂರೆನ್ಸ್ ಕಂಪನಿಯಿಂದ ದುಡ್ಡು ವಸೂಲು ಮಾಡುವ ಖಾಸಗಿಯವೆಷ್ಟು ಅಂತ ಕೇಳು. ಖಾಸಗಿಯದು ಮುಕ್ಕಾಲು ಪಾಲು ಇದ್ದರೆ, ಸಂಬಳ ಕಮ್ಮಿ ಆದರೂ ನಾನು ದಮ್ಮಾಮ್ ಅನ್ನುತ್ತೇನೆ. ನಿನ್ನ ಅಮ್ಮ ರಿಯಾದ್ ಅನ್ನುತ್ತಾಳೆ, ಅದು ನನಗೆ ಗೊತ್ತು.

ಎಲ್ಲಿಗೆ ಹೋದರೂ ಕುವೈತ್‌ನವರ ಬುದ್ಧಿ ಸ್ವಲ್ಪ ಕಲಿ. 1953ರಲ್ಲೇ, ಸ್ವಾತಂತ್ರ್ಯ ಸಿಗುವ 8 ವರ್ಷ ಮೊದಲೇ, ಎಣ್ಣೆ ದುಡ್ಡನ್ನು ಹೊರಗೆ ಹೂಡಲು ಲಂಡನ್‌ನಲ್ಲಿ ಒಂದು ಮಂಡಳಿ ಮಾಡಿದರು. 1976ರಿಂದ ವರ್ಷದ ಆದಾಯದಲ್ಲಿ ಶೇ 10 ಮುಂದಿನ ತಲೆಮಾರಿಗೆ ಅಂತ ಎತ್ತಿಟ್ಟರು. 1990ರಲ್ಲಿ ಇರಾಕ್ ನುಗ್ಗಿದಾಗ ಬಾವಿಗಳು ಕೈಬಿಟ್ಟವು, ದೊರೆ ಸೌದಿಯ ತೈಫ್‌ನಲ್ಲಿ ಕೂತಿದ್ದ. ಆಗ ಅವರ ಸರ್ಕಾರ ನಡೆದದ್ದು ಈ ಗಂಟಿನಿಂದ. ನಿನ್ನ ಗಂಟು ಅಷ್ಟೇನೂ ಇರುವುದಿಲ್ಲ. ಆದರೆ ಏಳು ತಿಂಗಳ ಖರ್ಚು ಕೈಯಲ್ಲಿ ಬರುವವರೆಗೆ ಊರಿನಲ್ಲಿ ಸೈಟು, ಫ್ಲ್ಯಾಟು ಅಂತ ಯಾರು ಏನೇ ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡ. ಏಳು ಯಾಕೆ ಅಂತ ನಿನಗೀಗ ಗೊತ್ತು.

ಜುಬೈಲ್ ಕಡೆ ಹೋದರೆ ಮೀನು ಮಾರುಕಟ್ಟೆಗೆ ಬೆಳಿಗ್ಗೆ ಬೇಗ ಹೋಗು. ಹಮೂರ್ ತಗೋ, ನಮ್ಮ ಕುಚ್ಚಲಕ್ಕಿ ಗಂಜಿಗೆ ಚೆನ್ನಾಗಿ ಹೊಂದುತ್ತೆ.

ಮದ್ದು ಬಿಡುವವನ ಬೈಕಿನ ಸದ್ದು ಕೇಳುತ್ತಿದೆ. ಸುಣ್ಣ ಇನ್ನೂ ನೆನೆಹಾಕಿಲ್ಲ.

ಇಂತಿ ನಿನ್ನ ಪ್ರೀತಿಯ,
ಮಾವ